ಕಲೋಪಾಸಕಿ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್

ಭಾರತದ ಪ್ರಾಚೀನ ಚಿತ್ರಕಲೆಯ ಮಾತು ಬಂದೊಡನೆ ಎಲ್ಲರಿಗೂ ಮೊದಲು ನೆನಪಾಗುವುದು ಅಜಂತೆ. ಇಂದಿನ ಮಹಾರಾಷ್ಟ್ರ ರಾಜ್ಯದ ಒಂದು ಬೆಟ್ಟಸಾಲಿನ ನಡುವೆ ವಾಘೋರಾ ಎಂಬ ಚಿಕ್ಕ ಹೊಳೆ ಕುದುರೆಯ ಲಾಳದ ಆಕಾರದಲ್ಲಿ ಬಾಗಿ ಹರಿಯುತ್ತದೆ. ಅದರ ದಡದ ಮೇಲೆ ಗೋಡೆಯಂತೆ ಎದ್ದುನಿಂತ ಬಂಡೆಯಲ್ಲಿ ಬೌದ್ಧ ಭಿಕ್ಷುಗಳಿಗಾಗಿ ಸುಮಾರು 30 ಗುಹೆಗಳನ್ನು ಕೊರೆಯಲಾಗಿದೆ. ಇವುಗಳಲ್ಲಿ ಕೆಲವು ಪೂಜೆಗೆ ಮೀಸಲಾದ ಚೈತ್ಯಗಳು. ಉಳಿದವು ಭಿಕ್ಷುಗಳು ವಾಸಿಸುತ್ತಿದ್ದ ವಿಹಾರಗಳು. ಕ್ರಿ.ಪೂ. 2ನೆಯ ಶತಮಾನದಲ್ಲಿ ಆರಂಭವಾದ ಈ ಕಾರ್ಯವು ಕ್ರಿ.ಶ. 5ನೆಯ ಶತಮಾನದ ಉತ್ತರಾರ್ಧದಲ್ಲಿ, ವಾಕಾಟಕ ದೊರೆ ಹರಿಷೇಣನ ಕಾಲದಲ್ಲಿ, ತನ್ನ ಶಿಖರವನ್ನು ಮುಟ್ಟಿತು. ಬುದ್ಧನ ಜೀವನದ ಘಟನೆಗಳೂ ಜಾತಕ ಕಥೆಗಳೂ ಈ ಗುಹೆಗಳ ಗೋಡೆಗಳ ಮೇಲೆ ವರ್ಣಮಯವಾಗಿ ಮೂಡಿನಿಂತವು.

ಕಾಲಾಂತರದಲ್ಲಿ ಭಿಕ್ಷುಗಳು ಅಜಂತೆಯನ್ನು ತೊರೆದರು. ಕಾಡು ಬೆಳೆದು ಗುಹೆಗಳ ಬಾಯಿಗಳನ್ನು ಮುಚ್ಚಿತು. ಬಾವಲಿಗಳೂ ಜೇನುನೊಣಗಳೂ ಅಲ್ಲಿ ಮನೆಮಾಡಿದವು. 1819ರಲ್ಲಿ ಬೇಟೆಗೆಂದು ಬಂದ ಜಾನ್ ಸ್ಮಿತ್ ಎಂಬ ಆಂಗ್ಲ ಸೈನ್ಯಾಧಿಕಾರಿಯ ಕಣ್ಣಿಗೆ ಈ ಗುಹೆಗಳು ಬಿದ್ದ ಮೇಲೆ ಹೊರಜಗತ್ತಿಗೆ ಅವುಗಳ ಅರಿವಾಯಿತು. ಆದರೆ ಅರಿವಿನೊಡನೆ ಅಪಾಯವೂ ಬಂದಿತು. ಬಂದವರಲ್ಲಿ ಕೆಲವರು ಗೋಡೆಗಳ ಮೇಲೆ ತಮ್ಮ ಹೆಸರುಗಳನ್ನು ಕೆತ್ತಿದರು. ಕೆಲವರು ಚಿತ್ರದ ತುಣುಕುಗಳನ್ನೇ ಕಿತ್ತೊಯ್ದರು. ಮಳೆಗಾಲದ ನೀರು ಒಳಗೆ ಸೋರಿ ಗಾರೆ ಸಡಿಲಗೊಂಡು ಉದುರತೊಡಗಿತು. ಒಂದೂವರೆ ಸಾವಿರ ವರ್ಷ ಬಾಳಿದ ಚಿತ್ರಗಳು ನೋಡನೋಡುತ್ತಿದ್ದಂತೆಯೇ ಅಳಿಯತೊಡಗಿದವು.

ಈ ಚಿತ್ರಗಳ ರೂಪವನ್ನಾದರೂ ಉಳಿಸಬೇಕೆಂದು ಪ್ರಯತ್ನಪಟ್ಟವರಿಲ್ಲದಿಲ್ಲ. ಮದರಾಸು ಸೈನ್ಯದ ಅಧಿಕಾರಿ ರಾಬರ್ಟ್ ಗಿಲ್ 1844ರಿಂದ ಮೊದಲ್ಗೊಂಡು ಹಲವು ವರ್ಷ ಅಜಂತೆಯಲ್ಲಿಯೇ ನೆಲೆಸಿ ದೊಡ್ಡ ದೊಡ್ಡ ಪ್ರತಿಕೃತಿಗಳನ್ನು ರಚಿಸಿದನು. ಅವುಗಳನ್ನು ಇಂಗ್ಲೆಂಡಿಗೆ ಕಳುಹಿಸಿ ಲಂಡನ್ನಿನ ಬಳಿಯ ಸ್ಫಟಿಕ ಭವನದಲ್ಲಿ ಪ್ರದರ್ಶನಕ್ಕಿಡಲಾಯಿತು. 1866ರಲ್ಲಿ ಅಲ್ಲಿ ಸಂಭವಿಸಿದ ಬೆಂಕಿಯ ಅನಾಹುತದಲ್ಲಿ ಅವೆಲ್ಲವೂ ಬಹುಮಟ್ಟಿಗೆ ಸುಟ್ಟುಹೋದವು. ಅನಂತರ ಮುಂಬಯಿಯ ಕಲಾಶಾಲೆಯ ಜಾನ್ ಗ್ರಿಫಿತ್ಸ್ ತನ್ನ ವಿದ್ಯಾರ್ಥಿಗಳೊಡನೆ 1872ರಿಂದ 1885ರವರೆಗೆ ಈ ಕಾರ್ಯವನ್ನು ಮತ್ತೆ ನಡೆಸಿದನು. ವಿಧಿಯ ವಿಚಿತ್ರವೋ ಎಂಬಂತೆ 1885ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ ವಸ್ತುಸಂಗ್ರಹಾಲಯದಲ್ಲಿ ಬೆಂಕಿ ಬಿದ್ದು ಆ ಪ್ರತಿಕೃತಿಗಳಲ್ಲಿಯೂ ಬಹಳಷ್ಟು ನಾಶವಾದವು. ಇಷ್ಟೇ ಅಲ್ಲದೆ, ನಕಲು ಮಾಡುವಾಗ ಬಣ್ಣ ಎದ್ದು ಕಾಣಲೆಂದು ಮೂಲಚಿತ್ರಗಳ ಮೇಲೆ ವಾರ್ನಿಷ್ ಬಳಿದುದರಿಂದ ಅವು ಹಳದಿಗಟ್ಟಿ ಮಬ್ಬಾದವು. ಉಳಿಸುವ ಉತ್ಸಾಹವೇ ಕೆಡಿಸುವ ಕಾರಣವೂ ಆಯಿತು.

ಎರಡು ಬಾರಿ ವಿಫಲವಾದ ಈ ಕಾರ್ಯವನ್ನು ಮೂರನೆಯ ಬಾರಿ ಕೈಗೆತ್ತಿಕೊಂಡವರು ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಎಂಬ ಆಂಗ್ಲ ಮಹಿಳೆ. ಅವರು 1852ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ತಂದೆ ಥಾಮಸ್ ವೈಲ್ಡ್ ಪಾವೆಲ್ ಅವರು ಸ್ಥಿತಿವಂತರು. ಕಲೆಗೂ ಕುಶಲಕರ್ಮಿಗಳಿಗೂ ಆಶ್ರಯದಾತರು. ಇಂತಹ ಮನೆಯಲ್ಲಿ ಬೆಳೆದ ಮಗಳಿಗೆ ಚಿತ್ರಕಲೆಯಲ್ಲಿ ಆಸಕ್ತಿ ಮೂಡಿದುದು ಸಹಜವೇ ಆಗಿತ್ತು. 1880ರಲ್ಲಿ ಅವರ ವಿವಾಹವು ವಿಲ್ಮಟ್ ಹೆರಿಂಗ್‌ಹ್ಯಾಮ್ ಎಂಬ ವೈದ್ಯರೊಡನೆ ನೆರವೇರಿತು. ಪತಿಗೆ 1914ರಲ್ಲಿ ನೈಟ್ ಪದವಿ ದೊರೆತುದರಿಂದ ಜನರು ಅವರನ್ನು ಲೇಡಿ ಹೆರಿಂಗ್‌ಹ್ಯಾಮ್ ಎಂದು ಕರೆಯುವ ರೂಢಿ ಬಂದಿತು.

ಕ್ರಿಸ್ಟಿಯಾನಾ ಅವರ ಆಸಕ್ತಿ ಬರಿಯ ಚಿತ್ರರಚನೆಗೆ ಸೀಮಿತವಾಗಿರಲಿಲ್ಲ. ಹಿಂದಿನ ಕಾಲದ ಚಿತ್ರಕಾರರು ಯಾವ ಬಣ್ಣವನ್ನು ಯಾವ ದ್ರವದಲ್ಲಿ ಕಲಸುತ್ತಿದ್ದರು, ಹಲಗೆಯನ್ನು ಹೇಗೆ ಅಣಿಗೊಳಿಸುತ್ತಿದ್ದರು, ನೂರಾರು ವರ್ಷ ಕಳೆದರೂ ಅವರ ಬಣ್ಣಗಳು ಏಕೆ ಮಾಸಲಿಲ್ಲ ಎಂಬ ಪ್ರಶ್ನೆಗಳು ಅವರನ್ನು ಕಾಡುತ್ತಿದ್ದವು. ಇಟಲಿಯ ಚೆನ್ನಿನೋ ಚೆನ್ನಿನಿ ಎಂಬ ಚಿತ್ರಕಾರನು ಸುಮಾರು 1400ರಲ್ಲಿ ತನ್ನ ಕಸಬಿನ ಗುಟ್ಟುಗಳನ್ನೆಲ್ಲ ಒಂದು ಗ್ರಂಥದಲ್ಲಿ ಬರೆದಿಟ್ಟಿದ್ದನು. ಕ್ರಿಸ್ಟಿಯಾನಾ ಅವರು ಅದನ್ನು ಇಂಗ್ಲಿಷಿಗೆ ಅನುವಾದಿಸಿ 1899ರಲ್ಲಿ ಪ್ರಕಟಿಸಿದರು. ಮೊಟ್ಟೆಯ ಹಳದಿಯಲ್ಲಿ ಬಣ್ಣದ ಪುಡಿಯನ್ನು ಕಲಸಿ ಚಿತ್ರಿಸುವ ಟೆಂಪೆರಾ ಎಂಬ ವಿಧಾನ ಅದರಲ್ಲಿ ವಿವರಿಸಲ್ಪಟ್ಟಿತ್ತು. ಅನುವಾದಿಸಿದುದರಿಂದಲೇ ತೃಪ್ತರಾಗದೆ ಅವರು ಅದರಲ್ಲಿ ಹೇಳಿದ ಕ್ರಮದಂತೆಯೇ ಬಣ್ಣ ತಯಾರಿಸಿ, ಹಳೆಯ ಇಟಲಿಯ ಚಿತ್ರಗಳನ್ನು ನಕಲು ಮಾಡಿ ನೋಡಿದರು. ಮರೆತುಹೋಗಿದ್ದ ಆ ವಿಧಾನವನ್ನು ಬಳಸುವ ಚಿತ್ರಕಾರರ ಸಂಘವೊಂದು 1901ರಲ್ಲಿ ಸ್ಥಾಪನೆಯಾಗಲು ಅವರು ಮುಖ್ಯ ಕಾರಣರಾದರು.

ಕಲಾಕೃತಿಗಳನ್ನು ಉಳಿಸುವುದು ಒಬ್ಬರಿಂದ ಆಗುವ ಕೆಲಸವಲ್ಲವೆಂಬುದನ್ನು ಅವರು ಬೇಗನೆ ಕಂಡುಕೊಂಡರು. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದ ಶ್ರೇಷ್ಠ ಚಿತ್ರಗಳು ಹಣವಂತರ ಕೈಸೇರಿ ಹೊರದೇಶಗಳಿಗೆ ಸಾಗುತ್ತಿದ್ದವು. ಸಾರ್ವಜನಿಕರಿಂದ ಹಣ ಸಂಗ್ರಹಿಸಿ ಅಂತಹ ಕೃತಿಗಳನ್ನು ಕೊಂಡು ವಸ್ತುಸಂಗ್ರಹಾಲಯಗಳಿಗೆ ಒಪ್ಪಿಸುವ ನಿಧಿಯೊಂದು 1903ರಲ್ಲಿ ಆರಂಭವಾಯಿತು. ಅದರ ಸ್ಥಾಪಕರಲ್ಲಿ ಕ್ರಿಸ್ಟಿಯಾನಾ ಅವರೂ ಒಬ್ಬರು. ಮೊದಲ ದಿನಗಳಲ್ಲಿ ತಾವೇ ಹಣ ಕೊಟ್ಟು ಅದಕ್ಕೆ ಬಲ ತಂದರು. ಸ್ಪೇನಿನ ವೆಲಾಸ್ಕೆಸ್ ರಚಿಸಿದ ಪ್ರಸಿದ್ಧ ಚಿತ್ರವೊಂದನ್ನು 1906ರಲ್ಲಿ ದೇಶದ ಜನತೆಗಾಗಿ ಉಳಿಸಿಕೊಟ್ಟುದು ಈ ನಿಧಿಯೇ. ಸ್ತ್ರೀಯರಿಗೆ ಮತದಾನದ ಹಕ್ಕು ದೊರೆಯಬೇಕೆಂದು ನಡೆದ ಚಳವಳಿಗೂ ಅವರು ಬೆಂಬಲವಾಗಿ ನಿಂತರು.

1906ರಲ್ಲಿ ಭಾರತ ಪ್ರವಾಸಕ್ಕೆ ಬಂದ ಕ್ರಿಸ್ಟಿಯಾನಾ ಅವರು ಅಜಂತೆಯನ್ನು ಕಂಡರು. ಹಳೆಯ ಬಣ್ಣಗಳ ಗುಣವನ್ನು ಬಲ್ಲ ಅವರಿಗೆ ಆ ಗೋಡೆಗಳ ಹಿರಿಮೆ ತಿಳಿಯಲು ತಡವಾಗಲಿಲ್ಲ. ಅಜಂತೆಯ ಚಿತ್ರಕಾರರು ಒರಟಾದ ಬಂಡೆಯ ಮೇಲೆ ಭತ್ತದ ಹೊಟ್ಟು ಹಾಗೂ ಸಸ್ಯದ ನಾರು ಬೆರೆಸಿದ ಜೇಡಿಮಣ್ಣನ್ನು ಮೆತ್ತಿ, ಅದರ ಮೇಲೆ ಸುಣ್ಣದ ತೆಳುವಾದ ಲೇಪವನ್ನು ಕೊಡುತ್ತಿದ್ದರು. ಅದು ಒಣಗಿದ ಮೇಲೆ ಕೆಂಪು ಗೆರೆಗಳಿಂದ ಆಕೃತಿಗಳನ್ನು ಬರೆದು, ಅಂಟು ಬೆರೆಸಿದ ಬಣ್ಣಗಳನ್ನು ತುಂಬುತ್ತಿದ್ದರು. ಕೆಂಗಾವಿ, ಹಳದಿ ಮಣ್ಣು, ಹಸಿರು ಮಣ್ಣು, ಸುಣ್ಣ, ಕಾಡಿಗೆ, ಹೊರನಾಡಿನಿಂದ ತಂದ ನೀಲಿ ಕಲ್ಲು ಇವೇ ಅವರ ಬಣ್ಣಗಳು. ಇಷ್ಟು ಅಲ್ಪ ಸಾಮಗ್ರಿಯಿಂದ ಮೊದಲನೆಯ ಗುಹೆಯ ಪದ್ಮಪಾಣಿ ಬೋಧಿಸತ್ತ್ವನ ಕರುಣಾಪೂರ್ಣ ಮುಖವನ್ನೂ, ಹದಿನೇಳನೆಯ ಗುಹೆಯಲ್ಲಿ ಭಿಕ್ಷಾಪಾತ್ರೆ ಹಿಡಿದು ನಿಂತ ಬುದ್ಧನ ಮುಂದೆ ತಲೆಯೆತ್ತಿ ನಿಂತ ತಾಯಿ ಮಗುವನ್ನೂ ಅವರು ಸೃಷ್ಟಿಸಿದ್ದರು. ಇಂತಹ ಚಿತ್ರಗಳು ಹುಡಿಹುಡಿಯಾಗಿ ಉದುರುತ್ತಿರುವುದನ್ನು ಕಂಡು ಕ್ರಿಸ್ಟಿಯಾನಾ ಅವರ ಮನಸ್ಸು ನೊಂದಿತು. ಅವು ಪೂರ್ತಿಯಾಗಿ ಅಳಿಯುವ ಮೊದಲೇ ನಿಷ್ಠೆಯಿಂದ ನಕಲು ಮಾಡಿಡಬೇಕೆಂದು ಅವರು ನಿಶ್ಚಯಿಸಿದರು.

1909ರ ಚಳಿಗಾಲದಲ್ಲಿ ಅವರು ಮತ್ತೆ ಭಾರತಕ್ಕೆ ಬಂದಾಗ ಅವರಿಗೆ ಐವತ್ತೇಳು ವರ್ಷ. ಅಜಂತೆ ಆಗ ಹೈದರಾಬಾದಿನ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ನಿಜಾಮರ ಸರ್ಕಾರವು ಈ ಕಾರ್ಯಕ್ಕೆ ನೆರವು ನೀಡಿತು. ಗುಹೆಗಳಿಗೆ ಕೆಲವು ಮೈಲಿ ದೂರದ ಫರ್ದಾಪುರವೆಂಬ ಹಳ್ಳಿಯ ಬಳಿ ಡೇರೆಗಳು ಎದ್ದವು. ಇಂಗ್ಲೆಂಡಿನಿಂದ ಡೊರೋತಿ ಲಾರ್ಚರ್ ಎಂಬ ತರುಣ ಕಲಾವಿದೆ ನೆರವಿಗೆ ಬಂದಿದ್ದಳು. ಹೈದರಾಬಾದಿನಿಂದ ಸೈಯದ್ ಅಹಮದ್ ಮತ್ತು ಮಹಮ್ಮದ್ ಫಜ್ಲುದ್ದೀನ್ ಎಂಬ ಚಿತ್ರಕಾರರು ಬಂದು ಸೇರಿಕೊಂಡರು.

ಈ ಸುದ್ದಿ ಕಲ್ಕತ್ತೆಗೂ ಮುಟ್ಟಿತು. ಅಲ್ಲಿ ಅವನೀಂದ್ರನಾಥ ಠಾಕೂರರು ಭಾರತೀಯ ಚಿತ್ರಕಲೆಗೆ ಹೊಸ ಚೈತನ್ಯ ತುಂಬುವ ಪ್ರಯತ್ನದಲ್ಲಿ ತೊಡಗಿದ್ದರು. ಅವರ ಬಳಿ ಪ್ರತಿಭಾವಂತ ಶಿಷ್ಯರಿದ್ದರು. ಆದರೆ ಆ ಶಿಷ್ಯರಲ್ಲಿ ಯಾರೂ ತಮ್ಮ ದೇಶದ ಪ್ರಾಚೀನ ಭಿತ್ತಿಚಿತ್ರಗಳ ಮುಂದೆ ಕುಳಿತು ಕಲಿತವರಲ್ಲ. ವಿವೇಕಾನಂದರ ಶಿಷ್ಯೆ ಸೋದರಿ ನಿವೇದಿತಾ ಅವರು ಈ ಅವಕಾಶದ ಮಹತ್ತ್ವವನ್ನು ಮನಗಂಡರು. ನಮ್ಮ ದೇಶದ ಚಿತ್ರಗಳನ್ನು ಪರದೇಶದವರು ನಕಲು ಮಾಡುವಾಗ ನಮ್ಮ ತರುಣರು ದೂರ ಉಳಿಯಬಾರದೆಂಬುದು ಅವರ ಅಭಿಪ್ರಾಯವಾಗಿತ್ತು. ಅವರ ಪ್ರೇರಣೆಯಿಂದಲೂ ಗುರುಗಳ ಪ್ರೋತ್ಸಾಹದಿಂದಲೂ ನಂದಲಾಲ ಬಸು ಮತ್ತು ಅಸಿತಕುಮಾರ ಹಾಲ್ದಾರ್ ಅಜಂತೆಗೆ ಹೊರಟರು. ಮುಂದೆ ಸಮರೇಂದ್ರನಾಥ ಗುಪ್ತ ಮತ್ತು ಕೆ. ವೆಂಕಟಪ್ಪ ಅವರೂ ಈ ತಂಡವನ್ನು ಕೂಡಿಕೊಂಡರು. ನಂದಲಾಲರು ಆಗ ಇಪ್ಪತ್ತೇಳರ ತರುಣ. ಅಸಿತಕುಮಾರರಿಗೆ ಇನ್ನೂ ಹತ್ತೊಂಬತ್ತು ವರ್ಷ. ವೆಂಕಟಪ್ಪನವರು ಮೈಸೂರಿನ ಅರಮನೆಯ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತೆಗೆ ಕಲಿಯಲು ಹೋದವರು. ಹೀಗೆ ಅಜಂತೆಯ ಈ ಮಹಾಕಾರ್ಯದಲ್ಲಿ ಕನ್ನಡನಾಡಿಗೂ ಒಂದು ಪಾಲು ದೊರೆಯಿತು.

ಕೆಲಸ ಸುಲಭವಾದುದಾಗಿರಲಿಲ್ಲ. ಗುಹೆಗಳ ಒಳಭಾಗದಲ್ಲಿ ಬೆಳಕು ಮಂದ. ಹೊಗೆ ಮತ್ತು ಮಸಿಯಿಂದ ಎಷ್ಟೋ ಭಾಗಗಳು ಕಪ್ಪಾಗಿದ್ದವು. ಹಿಂದೆ ಬಳಿದ ವಾರ್ನಿಷ್ ಪದರದ ಅಡಿಯಲ್ಲಿ ಮೂಲ ವರ್ಣವನ್ನು ಹುಡುಕಬೇಕಾಗಿತ್ತು. ಎತ್ತರದ ಚಿತ್ರಗಳಿಗಾಗಿ ಅಟ್ಟಣೆ ಏರಬೇಕಾಗಿತ್ತು. ಒಂದು ಬೆರಳಿನ ಬಾಗು, ಒಂದು ಕಣ್ಣಿನ ರೆಪ್ಪೆಯ ಇಳುಕಲು ತಪ್ಪಿದರೂ ಮೂಲದ ಜೀವ ಹಾರಿಹೋಗುತ್ತಿತ್ತು. ನಕಲು ಮಾಡುವವನು ತನ್ನ ಕೈಚಳಕವನ್ನು ಬದಿಗಿಟ್ಟು, ಸಾವಿರದೈನೂರು ವರ್ಷಗಳ ಹಿಂದಿನ ಅನಾಮಿಕ ಚಿತ್ರಕಾರನ ಕೈಯನ್ನು ಹಿಂಬಾಲಿಸಬೇಕು. ಇದು ತಾಳ್ಮೆಯ ಕೆಲಸ. ಅದಕ್ಕಿಂತ ಹೆಚ್ಚಾಗಿ ವಿನಯದ ಕೆಲಸ. 1909-10 ಮತ್ತು 1910-11ರ ಎರಡು ಚಳಿಗಾಲಗಳಲ್ಲಿ ಈ ತಂಡವು ಅಜಂತೆಯ ಗೋಡೆಗಳ ಮುಂದೆ ದುಡಿಯಿತು.

ಅಲ್ಲಿ ನೆರೆದಿದ್ದವರನ್ನು ನೋಡಿದರೆ ಒಂದು ವಿಶೇಷ ಗೋಚರವಾಗುತ್ತದೆ. ಗುಹೆಗಳು ಬೌದ್ಧರವು, ಅವು ಇದ್ದ ನಾಡನ್ನು ಆಳುತ್ತಿದ್ದವರು ಮುಸ್ಲಿಂ ಅರಸರು. ಕಾರ್ಯವನ್ನು ಆರಂಭಿಸಿದವರು ಆಂಗ್ಲ ಮಹಿಳೆ. ದುಡಿದವರಲ್ಲಿ ಬಂಗಾಳದ, ಮೈಸೂರಿನ, ಹೈದರಾಬಾದಿನ, ಇಂಗ್ಲೆಂಡಿನ ತರುಣರಿದ್ದರು. ತರುಣರನ್ನು ಅಲ್ಲಿಗೆ ಕಳುಹಿಸಲು ಶ್ರಮಿಸಿದವರು ಐರ್ಲೆಂಡಿನಲ್ಲಿ ಹುಟ್ಟಿ ಭಾರತವನ್ನೇ ತಾಯ್ನಾಡಾಗಿ ಮಾಡಿಕೊಂಡ ಸಂನ್ಯಾಸಿನಿ. ಆ ಗೋಡೆಗಳ ಮೇಲಿನ ಬುದ್ಧನನ್ನು ಪೂಜಿಸುವ ಸಂಪ್ರದಾಯಕ್ಕೆ ಇವರಲ್ಲಿ ಯಾರೂ ಸೇರಿದವರಲ್ಲ. ಆದರೂ ಒಂದು ಧರ್ಮದ ಪರಂಪರೆ ಮಾನವಕುಲದ ಸಮಸ್ತರ ಸೊತ್ತು ಎಂಬ ಭಾವನೆ ಅವರನ್ನು ಒಂದುಗೂಡಿಸಿತ್ತು.

ಇದೇ ಸಮಯದಲ್ಲಿ ಲಂಡನ್ನಿನಲ್ಲಿ ಭಾರತೀಯ ಕಲೆಯ ವಿಷಯವಾಗಿ ತೀವ್ರ ವಾದವಿವಾದ ನಡೆಯಿತು. 1910ರ ಆರಂಭದಲ್ಲಿ ಇ. ಬಿ. ಹ್ಯಾವೆಲ್ ಅವರು ಮಾಡಿದ ಭಾಷಣದ ಸಂದರ್ಭದಲ್ಲಿ, ಸಭೆಯ ಅಧ್ಯಕ್ಷತೆ ವಹಿಸಿದ್ದ ಜಾರ್ಜ್ ಬರ್ಡ್‌ವುಡ್ ಭಾರತಕ್ಕೆ ಉನ್ನತ ಕಲೆಯೆಂಬುದೇ ಇಲ್ಲವೆಂದು ಸಾರಿ, ಬುದ್ಧನ ವಿಗ್ರಹವೊಂದನ್ನು ಬೇಯಿಸಿದ ಕಡುಬಿಗೆ ಹೋಲಿಸಿ ಹಾಸ್ಯ ಮಾಡಿದನು. ಈ ಮಾತು ಅನೇಕ ಕಲಾವಿದರನ್ನು ಕೆರಳಿಸಿತು. ಇದರ ಫಲವಾಗಿ ಅದೇ ವರ್ಷ ಇಂಡಿಯಾ ಸೊಸೈಟಿ ಎಂಬ ಸಂಸ್ಥೆ ಹುಟ್ಟಿತು. ಹ್ಯಾವೆಲ್, ಆನಂದ ಕುಮಾರಸ್ವಾಮಿ, ವಿಲಿಯಂ ರೋಥೆನ್‌ಸ್ಟೈನ್ ಮೊದಲಾದವರೊಡನೆ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಅವರೂ ಅದರ ಸ್ಥಾಪಕರಲ್ಲಿ ಸೇರಿದ್ದರು. ರವೀಂದ್ರನಾಥ ಠಾಕೂರರ ಇಂಗ್ಲಿಷ್ ಗೀತಾಂಜಲಿಯನ್ನು 1912ರಲ್ಲಿ ಮೊದಲು ಪ್ರಕಟಿಸಿದ ಕೀರ್ತಿ ಇದೇ ಸಂಸ್ಥೆಯದು. ಅಜಂತೆಯ ಪ್ರತಿಕೃತಿಗಳು ಇನ್ನು ಬರಿಯ ನಕಲುಗಳಾಗಿ ಉಳಿಯಲಿಲ್ಲ. ಭಾರತದ ಕಲೆ ಜಗತ್ತಿನ ಯಾವ ಕಲೆಗೂ ಕಡಿಮೆಯದಲ್ಲವೆಂಬುದಕ್ಕೆ ಕಣ್ಣೆದುರಿನ ಸಾಕ್ಷಿಗಳಾದವು.

ಆದರೆ ಈ ಸಾಧನೆಗೆ ಕ್ರಿಸ್ಟಿಯಾನಾ ಅವರು ಕೀರ್ತಿಯ ಸುಖವನ್ನು ಅನುಭವಿಸಲಿಲ್ಲ. ಎರಡನೆಯ ಚಳಿಗಾಲ ಕಳೆದು ಸ್ವದೇಶಕ್ಕೆ ಮರಳುವ ವೇಳೆಗೆ ಅವರ ಮನಸ್ಸಿನ ಆರೋಗ್ಯ ಕೆಟ್ಟಿತ್ತು. ಯಾರೋ ತಮ್ಮನ್ನು ಹಿಂಬಾಲಿಸುತ್ತಿರುವರೆಂಬ ಭಯ ಅವರನ್ನು ಆವರಿಸಿತು. 1911ರಲ್ಲಿ ಅವರು ಮನೋರೋಗಿಗಳ ಚಿಕಿತ್ಸಾಲಯವನ್ನು ಸೇರಬೇಕಾಯಿತು. ಅಷ್ಟು ಚುರುಕಾದ ಬುದ್ಧಿ, ಅಷ್ಟು ಸೂಕ್ಷ್ಮವಾದ ದೃಷ್ಟಿ ಐವತ್ತೆಂಟನೆಯ ವಯಸ್ಸಿನಲ್ಲಿ ಹೀಗೆ ಮಸುಕಾದುದು ಅತ್ಯಂತ ದುಃಖದ ಸಂಗತಿ. ಆ ಮೇಲಿನ ಹದಿನೆಂಟು ವರ್ಷಗಳನ್ನು ಅವರು ಲೋಕದ ವ್ಯವಹಾರದಿಂದ ದೂರವಾಗಿಯೇ ಕಳೆದು 1929ರಲ್ಲಿ ನಿಧನ ಹೊಂದಿದರು.

ಕ್ರಿಸ್ಟಿಯಾನಾ ಅವರೊಬ್ಬರೇ ಏಕಾಂಗಿಯಾಗಿ ದುಡಿದಿದ್ದರೆ ಅವರ ಅಸ್ವಸ್ಥತೆಯೊಡನೆ ಅವರ ಕಾರ್ಯವೂ ಮುಗಿದುಹೋಗುತ್ತಿತ್ತು. ಹಾಗಾಗಲಿಲ್ಲ. ಅವರು ಕೈಬಿಟ್ಟ ಕೆಲಸವನ್ನು ಇಂಡಿಯಾ ಸೊಸೈಟಿಯ ಸದಸ್ಯರು ಮುಂದುವರಿಸಿದರು. ಅವರೂ ಅವರ ತರುಣ ಸಹಾಯಕರೂ ರಚಿಸಿದ ಪ್ರತಿಕೃತಿಗಳು ಲೇಖನಗಳೊಡನೆ 1915ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಅಜಂತೆಯನ್ನು ಕಾಣದ ದೇಶವಿದೇಶಗಳ ಜನರು ಆ ಗ್ರಂಥದ ಮೂಲಕ ಅದರ ಸೌಂದರ್ಯವನ್ನು ಅರಿತರು.

ಗ್ರಂಥಕ್ಕಿಂತ ಹೆಚ್ಚು ಕಾಲ ಫಲ ಕೊಟ್ಟವರು ಅಲ್ಲಿ ತರಬೇತಿ ಪಡೆದ ತರುಣರು. ಅಜಂತೆಯ ರೇಖೆ ನಂದಲಾಲ ಬಸು ಅವರ ಕುಂಚದಲ್ಲಿ ನೆಲೆಸಿತು. ಅವರು ಶಾಂತಿನಿಕೇತನದ ಕಲಾಭವನದ ಮುಖ್ಯಸ್ಥರಾಗಿ ಒಂದು ಪೀಳಿಗೆಯನ್ನೇ ರೂಪಿಸಿದರು. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಗ್ರಾಮಜೀವನದ ಚಿತ್ರಗಳನ್ನು ರಚಿಸಿದರು. ಸ್ವತಂತ್ರ ಭಾರತದ ಸಂವಿಧಾನದ ಮೂಲಪ್ರತಿಯ ಪುಟಗಳನ್ನು ತಮ್ಮ ಶಿಷ್ಯರೊಡನೆ ಅಲಂಕರಿಸಿದರು. 1921ರಲ್ಲಿ ಗ್ವಾಲಿಯರ್ ಸಂಸ್ಥಾನದ ಬಾಘ್ ಗುಹೆಗಳ ಬೌದ್ಧ ಚಿತ್ರಗಳು ಅಳಿವಿನಂಚಿಗೆ ಬಂದಾಗ ಅವುಗಳನ್ನು ನಕಲು ಮಾಡಲು ಹೋದವರಲ್ಲಿ ನಂದಲಾಲರೂ ಅಸಿತಕುಮಾರರೂ ಇದ್ದರು. ಹತ್ತು ವರ್ಷಗಳ ಹಿಂದೆ ಶಿಷ್ಯರಾಗಿ ಕಲಿತ ವಿದ್ಯೆಯನ್ನು ಈಗ ಅವರು ಅಧಿಕಾರದಿಂದ ನಡೆಸಿದರು. ಅಸಿತಕುಮಾರರು ಮುಂದೆ ಲಖನೌ ಕಲಾಶಾಲೆಯ ಪ್ರಾಂಶುಪಾಲರಾದರು. ಸಮರೇಂದ್ರನಾಥರು ಲಾಹೋರಿನ ಮೇಯೊ ಕಲಾಶಾಲೆಯಲ್ಲಿ ಅದೇ ಸ್ಥಾನಕ್ಕೆ ಏರಿದರು. ವೆಂಕಟಪ್ಪನವರು ಮೈಸೂರಿಗೆ ಮರಳಿ ಚಿತ್ರ, ಉಬ್ಬುಶಿಲ್ಪ ಮತ್ತು ವೀಣೆಗಳಲ್ಲಿ ತಪಸ್ವಿಯಂತೆ ಸಾಧನೆ ಮಾಡಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ಚಿತ್ರಶಾಲೆ ಇದೆ. ಡೊರೋತಿ ಲಾರ್ಚರ್ ಅವರು ಇಂಗ್ಲೆಂಡಿನಲ್ಲಿ ಅಚ್ಚಿನಿಂದ ಬಟ್ಟೆಗೆ ಬಣ್ಣ ಹಾಕುವ ಕಲೆಯಲ್ಲಿ ಹೆಸರಾದರು.

ಇವರೆಲ್ಲರಿಗಿಂತ ಅಜಂತೆಗೆ ಹತ್ತಿರವಾಗಿ ಉಳಿದವರು ಸೈಯದ್ ಅಹಮದ್. ನಿಜಾಮರ ಸರ್ಕಾರವು ಪ್ರಾಚ್ಯವಸ್ತು ಇಲಾಖೆಯನ್ನು ಸ್ಥಾಪಿಸಿ, ಗುಲಾಮ್ ಯಜ್ದಾನಿಯವರನ್ನು ಅದರ ನಿರ್ದೇಶಕರನ್ನಾಗಿ ನೇಮಿಸಿದ ಮೇಲೆ, ಗುಹೆಗಳ ಮೇಲ್ವಿಚಾರಣೆಯ ಹೊಣೆ ಸೈಯದ್ ಅಹಮದರ ಪಾಲಿಗೆ ಬಂದಿತು. 1920ರಲ್ಲಿ ಇಟಲಿಯಿಂದ ಲೊರೆಂಜೊ ಚೆಕೋನಿ ಎಂಬ ತಜ್ಞರನ್ನು ಕರೆಸಲಾಯಿತು. ಅವರೂ ಅವರ ಸಂಗಡಿಗರೂ ಎರಡು ಚಳಿಗಾಲ ಶ್ರಮಿಸಿ, ಬಿಟ್ಟುಬರುತ್ತಿದ್ದ ಗಾರೆಯನ್ನು ಬಂಡೆಗೆ ಅಂಟಿಸಿ ಭದ್ರಪಡಿಸಿದರು. ಅವರು ಬಳಿದ ಅರಗಿನ ಲೇಪ ಮುಂದೆ ಕಂದಿ ಚಿತ್ರಗಳನ್ನು ಮಬ್ಬಾಗಿಸಿದುದು ನಿಜ. ಅದನ್ನು ತೆಗೆದು ಮೂಲ ವರ್ಣಗಳನ್ನು ಹೊರತರುವ ಸೂಕ್ಷ್ಮ ಕಾರ್ಯವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಸಾಯನತಜ್ಞರು ಅನಂತರದ ದಶಕಗಳಲ್ಲಿ ನಡೆಸಿದರು. ಒಂದು ಪೀಳಿಗೆಯ ತಿಳಿವಳಿಕೆಯಲ್ಲಿನ ಕೊರತೆಯನ್ನು ಮುಂದಿನ ಪೀಳಿಗೆ ತುಂಬಿತು. 1983ರಲ್ಲಿ ಅಜಂತೆಯ ಗುಹೆಗಳು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿದವು.

ಪರಂಪರೆಯನ್ನು ಕಾಪಾಡುವುದೆಂದರೆ ಹಳೆಯ ವಸ್ತುಗಳಿಗೆ ಬೀಗ ಹಾಕಿ ಇಡುವುದಲ್ಲ. ಗೋಡೆಗೆ ಬಿದ್ದ ಬಿರುಕನ್ನು ಗುರುತಿಸುವ ಕಣ್ಣು, ಅದನ್ನು ಮುಚ್ಚಬಲ್ಲ ಕೈ, ಅದರ ಅರ್ಥವನ್ನು ತಿಳಿದ ಮನಸ್ಸು ಪ್ರತಿಯೊಂದು ತಲೆಮಾರಿನಲ್ಲಿಯೂ ಹೊಸದಾಗಿ ಹುಟ್ಟಬೇಕು. ಗಿಲ್ ಮತ್ತು ಗ್ರಿಫಿತ್ಸರ ಬಟ್ಟೆಯ ಮೇಲಿನ ಚಿತ್ರಗಳನ್ನು ಬೆಂಕಿ ಸುಟ್ಟಿತು. ಆದರೆ ಫರ್ದಾಪುರದ ಡೇರೆಗಳಲ್ಲಿ ತರುಣರ ಹೃದಯದಲ್ಲಿ ಮೂಡಿದ ಚಿತ್ರಗಳನ್ನು ಬೆಂಕಿಯು ಮುಟ್ಟಲಾರದಾಯಿತು. ಅವು ಶಾಂತಿನಿಕೇತನಕ್ಕೆ, ಲಖನೌಗೆ, ಲಾಹೋರಿಗೆ, ಮೈಸೂರಿಗೆ ನಡೆದುಹೋದವು. ಎರಡು ಚಳಿಗಾಲಗಳ ಶ್ರಮದಿಂದ ಇಂತಹ ಬೆಳೆಯನ್ನು ಬಿತ್ತಿ, ಅದರ ಫಲವನ್ನು ತಾವು ಕಾಣದೆ ಹೋದ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಅವರ ಹೆಸರು ಅಜಂತೆಯ ಚರಿತ್ರೆಯಲ್ಲಿ ಚಿರಸ್ಮರಣೀಯವಾಗಿದೆ.